ಹೆಬ್ಬೆಟ್ಟು ಮತ್ತು ಕುಕಿ: ಒಪ್ಪಿಗೆಯ ಒಂದು ಇತಿಹಾಸ



ಬೀದರ್ ಜಿಲ್ಲೆಯ ಬೇಮಳಖೇಡ ನಿಮ್ಮಲ್ಲಿ ಅನೇಕರಿಗೆ ಹೊಸ ಹೆಸರಾಗಿರಬಹುದು. ಮೊದಲು ಹುಮನಾಬಾದ್ ತಾಲ್ಲೂಕಿಗೆ ಸೇರಿದ್ದು, ಈಗ ಚಿಟಗುಪ್ಪ ತಾಲ್ಲೂಕಿನಲ್ಲಿರುವ ಊರು. ಆ ಊರಿನ ಹುಡುಗಿಯೊಬ್ಬಳು ಹಳೆಯ ಪ್ರಶ್ನೆಪತ್ರಿಕೆಗಳನ್ನು ಹುಡುಕಿಸಿ ಮುದ್ರಿಸಿಕೊಳ್ಳಲು ಒಂದು ಆನ್‌ಲೈನ್ ಅಂಗಡಿಗೆ ಬಂದಿದ್ದಳು. ಯಾವುದೋ ಕೆಲಸಕ್ಕೆಂದು ನಾನೂ ಅಲ್ಲೇ ಕುಳಿತಿದ್ದೆ. ಜಾಲತಾಣದ ಪುಟ ತೆರೆಯುತ್ತಿದ್ದಂತೆ ಪರದೆಯ ಕೆಳಗಿನಿಂದ ಒಂದು ಪಟ್ಟಿ ಎದ್ದು ಬಂತು. ಇಂಗ್ಲಿಷಿನಲ್ಲಿ ಏಳೆಂಟು ಸಾಲು ಸಣ್ಣ ಅಕ್ಷರ, ಅದರ ಕೆಳಗೆ ದೊಡ್ಡದೊಂದು ಹಸಿರು ಗುಂಡಿ. ಅಂಗಡಿಯ ಹುಡುಗ ಒಂದು ಸಾಲನ್ನೂ ಓದದೆ ಗುಂಡಿ ಒತ್ತಿದ.

"ಅಣ್ಣಾ, ಅದು ಏನ್ ಕೇಳ್ತು?" ಎಂದಳು ಹುಡುಗಿ.

"ಏನಿಲ್ಲವಾ. ಒಪ್ಪಿದ್ರ ಮುಂದ ಹೋಗ್ತದ, ಇಲ್ಲಾಂದ್ರ ಇಲ್ಲೇ ನಿಲ್ತದ" ಎಂದ ಅವನು.

ಆ ಉತ್ತರ ಕೇಳಿದಾಗ ನನಗೆ ನಮ್ಮ ಮನೆಯ ಟ್ರಂಕಿನಲ್ಲಿರುವ ಒಂದು ಹಳೆಯ ಕಾಗದ ನೆನಪಾಯಿತು. ಅದರ ವಿಚಾರ ಮುಂದೆ ಹೇಳುತ್ತೇನೆ. ಮೊದಲು ಈ ಪಟ್ಟಿ ಎಲ್ಲಿಂದ ಬಂತು, ಅದು ಯಾವುದಕ್ಕೆ ಒಪ್ಪಿಗೆ ಕೇಳುತ್ತಿತ್ತು ಎಂಬುದನ್ನು ನೋಡೋಣ.

ವರ್ಲ್ಡ್ ವೈಡ್ ವೆಬ್ ಎಂಬ ಜಾಲವ್ಯವಸ್ಥೆಯನ್ನು ಟಿಮ್ ಬರ್ನರ್ಸ್-ಲೀ ಅವರು ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ 1989ರಿಂದ 1991ರ ನಡುವೆ ರೂಪಿಸಿದರು. ಆ ವ್ಯವಸ್ಥೆಗೆ ಒಂದು ಸ್ವಭಾವವಿತ್ತು. ಅದು ಏನನ್ನೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ನೀವು ಒಂದು ಪುಟ ಕೇಳಿದರೆ ಕೊಡುತ್ತಿತ್ತು. ಮರುಕ್ಷಣ ಇನ್ನೊಂದು ಪುಟ ಕೇಳಿದರೆ ಅದನ್ನೂ ಕೊಡುತ್ತಿತ್ತು. ಆದರೆ ಎರಡನ್ನೂ ಕೇಳಿದವರು ಒಬ್ಬರೇ ಎಂಬುದು ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಗ್ರಂಥಾಲಯಕ್ಕೆ ಈ ಮರೆವಿನಿಂದ ತೊಂದರೆಯಿಲ್ಲ, ಅಂಗಡಿಗೆ ಇದೆ. ಗಿರಾಕಿ ಒಂದು ಸಾಮಾನು ಆರಿಸಿ ಇನ್ನೊಂದರ ಕಡೆ ತಿರುಗಿದೊಡನೆ ಅಂಗಡಿಯವನು ಮೊದಲನೆಯದನ್ನು ಮರೆತುಬಿಟ್ಟರೆ ವ್ಯಾಪಾರ ನಡೆಯುವುದು ಹೇಗೆ?

1994ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಕಂಪನಿಯ ಮುಂದೆ ಬಂದದ್ದು ಈ ಪ್ರಶ್ನೆಯೇ. ಎಂಸಿಐ ಎಂಬ ದೂರವಾಣಿ ಸಂಸ್ಥೆ ಜಾಲದಲ್ಲಿ ಅಂಗಡಿ ತೆರೆಯಲು ಬಯಸಿತ್ತು. ಆದರೆ ಅರ್ಧಕ್ಕೆ ನಿಂತ ವ್ಯವಹಾರಗಳ ಲೆಕ್ಕವನ್ನು ತನ್ನ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಲು ಅದಕ್ಕೆ ಮನಸ್ಸಿರಲಿಲ್ಲ. ನೆಟ್‌ಸ್ಕೇಪ್‌ನ ತರುಣ ತಂತ್ರಜ್ಞ ಲೂ ಮೊಂಟುಲ್ಲಿಗೆ ಆಗ ಇಪ್ಪತ್ತಮೂರು ವರ್ಷ. ಲೆಕ್ಕವನ್ನು ಅಂಗಡಿಯಲ್ಲಿಡುವ ಬದಲು ಗಿರಾಕಿಯ ಕಂಪ್ಯೂಟರಿನಲ್ಲೇ ಒಂದು ಚೀಟಿಯಾಗಿ ಇಡೋಣ, ಅವನು ಮತ್ತೆ ಬಂದಾಗ ಚೀಟಿ ತೋರಿಸಲಿ ಎಂಬುದು ಅವನಿಗೆ ಹೊಳೆದ ಉಪಾಯ.

ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಂಥ ಜಾತ್ರೆಗಳಲ್ಲಿ ಚಪ್ಪಲಿ ಬಿಡುವ ಜಾಗದಲ್ಲಿ ಕೊಡುವ ಟೋಕನ್ನನ್ನು ನೆನಪಿಸಿಕೊಳ್ಳಿ. ಟೋಕನ್ನಿನ ಮೇಲೆ ಒಂದು ಸಂಖ್ಯೆಯ ಹೊರತು ನಿಮ್ಮ ಹೆಸರಿಲ್ಲ, ಊರಿಲ್ಲ. ಅದು ನಿಮಗೆ ಅರ್ಥವಾಗಬೇಕಾದ್ದೂ ಇಲ್ಲ. ಕೊಟ್ಟವನಿಗೆ ಅರ್ಥವಾದರೆ ಸಾಕು. ಕಂಪ್ಯೂಟರ್ ಬಲ್ಲವರ ನಡುವೆ ಇಂಥ ಗುರುತಿನ ತುಣುಕಿಗೆ ಆಗಲೇ 'ಮ್ಯಾಜಿಕ್ ಕುಕಿ' ಎಂಬ ಹೆಸರು ಚಾಲ್ತಿಯಲ್ಲಿತ್ತು. ಕುಕಿ ಎಂದರೆ ಬಿಸ್ಕತ್ತು. ಇಷ್ಟು ಗಂಭೀರವಾದ ವಸ್ತುವಿಗೆ ಇಷ್ಟು ಎಳಸಾದ ಹೆಸರು ಬಂದದ್ದರಿಂದಲೇ ಅನೇಕರು ಅದನ್ನು ಹಗುರವಾಗಿ ತೆಗೆದುಕೊಂಡರೇನೋ ಎಂದು ನನಗೆ ಅನ್ನಿಸುವುದುಂಟು.

1994ರ ಅಕ್ಟೋಬರಿನಲ್ಲಿ ಹೊರಬಂದ ನೆಟ್‌ಸ್ಕೇಪ್ ಬ್ರೌಸರಿನಲ್ಲಿ ಕುಕಿ ಇತ್ತು. ಅದನ್ನು ಬಳಸಿದವರಿಗೆ ಅದು ಗೊತ್ತಿರಲಿಲ್ಲ. ಯಾರೂ ಅವರನ್ನು ಕೇಳಿರಲೂ ಇಲ್ಲ. ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು ವಿದೇಶ ಸಂಚಾರ ನಿಗಮದ ಮೂಲಕ, 1995ರ ಆಗಸ್ಟ್ 15ರಂದು. ಅಂದರೆ ಅಂತರಜಾಲ ನಮ್ಮ ದೇಶಕ್ಕೆ ಬಂದಾಗಲೇ ಕುಕಿಯನ್ನು ಜೇಬಿನಲ್ಲಿಟ್ಟುಕೊಂಡು ಬಂತು.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ದೂರಮಾಡಬೇಕು. ಕುಕಿ ವೈರಸ್ ಅಲ್ಲ. ಅದು ನಿಮ್ಮ ಕಂಪ್ಯೂಟರಿನಲ್ಲಿರುವ ಚಿತ್ರಗಳನ್ನಾಗಲಿ ಪತ್ರಗಳನ್ನಾಗಲಿ ತೆರೆದು ಓದಲಾರದು. ಸಾಮಾನ್ಯವಾಗಿ 4 ಕಿಲೋಬೈಟ್ ಮೀರದ ಬರಿಯ ಅಕ್ಷರಗಳ ಚೂರು ಅದು. ಒಂದು ತಾಣ ಇಟ್ಟ ಕುಕಿಯನ್ನು ಆ ತಾಣವೇ ಓದಬೇಕೆಂಬುದು ನಿಯಮ. ಹಾಗಿದ್ದರೆ ಚಿಂತೆ ಯಾವುದಕ್ಕೆ?

ಮತ್ತೆ ಜಾತ್ರೆಗೆ ಹೋಗೋಣ. ಬಳೆ ಅಂಗಡಿ, ಮಿಠಾಯಿ ಅಂಗಡಿ, ಪುಸ್ತಕದ ಅಂಗಡಿ ಎಲ್ಲವೂ ಬೇರೆ ಬೇರೆಯವರವು. ಆದರೆ ಪ್ರತಿಯೊಂದು ಅಂಗಡಿಯ ಮೂಲೆಯಲ್ಲೂ ಒಬ್ಬನೇ ಜಾಹೀರಾತುದಾರ ತನ್ನ ಫಲಕ ನೆಟ್ಟು, ಪಕ್ಕದಲ್ಲಿ ತನ್ನ ಆಳನ್ನು ಕೂರಿಸಿದ್ದಾನೆ ಎಂದುಕೊಳ್ಳಿ. ಮೊದಲ ಅಂಗಡಿಯಲ್ಲಿ ಅವನ ಆಳು ನಿಮ್ಮ ಜೇಬಿಗೆ ನಿಮಗೆ ಕಾಣದಂತೆ ಒಂದು ಚೀಟಿ ಹಾಕುತ್ತಾನೆ. ಎರಡನೆಯ ಅಂಗಡಿಯಲ್ಲಿ ಕುಳಿತ ಇನ್ನೊಬ್ಬ ಆಳು ಆ ಚೀಟಿ ನೋಡಿ ಬರೆದುಕೊಳ್ಳುತ್ತಾನೆ. ಸಂಜೆಯ ಹೊತ್ತಿಗೆ ನೀವು ಯಾವ ಅಂಗಡಿಯಲ್ಲಿ ಎಷ್ಟು ಹೊತ್ತು ನಿಂತಿರಿ, ಏನನ್ನು ಮುಟ್ಟಿ ನೋಡಿ ಬಿಟ್ಟಿರಿ ಎಂಬ ಪಟ್ಟಿ ಅವನ ಬಳಿ ಸಿದ್ಧ. ಬಳೆ ಅಂಗಡಿಯವನಿಗೆ ಇದು ಗೊತ್ತಿಲ್ಲದಿರಬಹುದು. ಅವನು ಫಲಕಕ್ಕೆ ಜಾಗ ಕೊಟ್ಟು ಬಾಡಿಗೆ ಪಡೆದಿದ್ದಾನೆ, ಅಷ್ಟೆ. ಜಾಲಪುಟದಲ್ಲೂ ಹೀಗೆಯೇ. ಪುಟ ಒಂದು ತಾಣದ್ದು. ಅದರೊಳಗಿನ ಜಾಹೀರಾತಿನ ಚಿತ್ರ ಬರುವುದು ಇನ್ನೊಂದು ಕಂಪನಿಯಿಂದ. ಚಿತ್ರದ ಜೊತೆಗೆ ಆ ಕಂಪನಿಯ ಕುಕಿಯೂ ಬರುತ್ತದೆ. ಇದನ್ನೇ ಮೂರನೆಯವರ ಕುಕಿ ಎನ್ನುವುದು.

ನಾವು ದೂರದರ್ಶನದಲ್ಲಿ ಮಾತನಾಡುವಾಗ ಯಾರು ನೋಡಿದರು, ಯಾರು ಅರ್ಧಕ್ಕೆ ಎದ್ದು ಹೋದರು ಎಂಬುದು ನಮಗೆ ತಿಳಿಯುವುದಿಲ್ಲ. ನಿಮ್ಮ ಕಾಗದ ಬಂದರೆ ಮಾತ್ರ ತಿಳಿಯುತ್ತದೆ. ಜಾಲಪುಟದ ಮಟ್ಟಿಗೆ ಹಾಗಲ್ಲ. ನೀವು ಅದನ್ನು ಓದುತ್ತಿರುವಾಗ ಅದೂ ನಿಮ್ಮನ್ನು ಓದುತ್ತಿರಬಹುದು.

ಈ ಗುಟ್ಟು ಜನಸಾಮಾನ್ಯರಿಗೆ ತಿಳಿದದ್ದು 1996ರ ಫೆಬ್ರವರಿ 12ರಂದು, ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆಯಲ್ಲಿ ಬಂದ ಲೇಖನದಿಂದ. ಆ ವರ್ಷವೂ ಮರುವರ್ಷವೂ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ಕುರಿತು ವಿಚಾರಣಾ ಸಭೆಗಳನ್ನು ನಡೆಸಿತು. 1997ರ ಫೆಬ್ರವರಿಯಲ್ಲಿ ಅಂತರಜಾಲದ ತಾಂತ್ರಿಕ ನಿಯಮಗಳನ್ನು ರೂಪಿಸುವ ತಜ್ಞರ ಬಳಗ ಕುಕಿಗೆ ಮೊದಲ ಅಧಿಕೃತ ನಿಯಮಾವಳಿ ಪ್ರಕಟಿಸಿತು. ಅದನ್ನು ಬರೆದ ಇಬ್ಬರಲ್ಲಿ ಮೊಂಟುಲ್ಲಿಯೂ ಒಬ್ಬ. ಮೂರನೆಯವರ ಕುಕಿಗೆ ಬ್ರೌಸರುಗಳು ಎಡೆ ಕೊಡಕೂಡದು, ಕೊಟ್ಟರೂ ಬಳಕೆದಾರ ತಾನಾಗಿ ಬಯಸಿದಾಗ ಮಾತ್ರ ಎಂಬುದು ಅದರ ಸಾರ. ಬ್ರೌಸರ್ ತಯಾರಿಸುವ ಎರಡು ದೊಡ್ಡ ಕಂಪನಿಗಳೂ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಜಾಹೀರಾತಿನ ವ್ಯಾಪಾರ ಅದಾಗಲೇ ಕುಕಿಯ ಮೇಲೆ ನಿಂತಿತ್ತು. ಇಡೀ ಇತಿಹಾಸದಲ್ಲಿ ನನಗೆ ಅತಿ ಮುಖ್ಯವೆನಿಸುವ ತಿರುವು ಇದು. ಅಂದು ಬೇಡವೆಂಬುದೇ ಮೊದಲ ಸ್ಥಿತಿಯಾಗಿದ್ದರೆ, ಒಪ್ಪಿಗೆ ಕೇಳುವ ಹೊರೆ ಕಂಪನಿಗಳ ಮೇಲೆ ಬೀಳುತ್ತಿತ್ತು. ಹಾಗಾಗದೆ, ಬೇಡವೆನ್ನುವ ಹೊರೆ ಕೋಟ್ಯಂತರ ಬಳಕೆದಾರರ ಮೇಲೆ ಬಿತ್ತು.

ಹೆಸರಿಲ್ಲದ ಚೀಟಿಯಿಂದ ಯಾರಿಗೆ ಏನು ತೊಂದರೆ ಎಂದು ಕೇಳುವವರಿದ್ದರು. 1999ರಲ್ಲಿ ಡಬಲ್‌ಕ್ಲಿಕ್ ಎಂಬ ಜಾಹೀರಾತು ಕಂಪನಿ, ಜನರ ಹೆಸರು, ವಿಳಾಸ, ಖರೀದಿಯ ವಿವರಗಳಿದ್ದ ಅಬಾಕಸ್ ಡೈರೆಕ್ಟ್ ಎಂಬ ಕಂಪನಿಯನ್ನು ಕೊಂಡುಕೊಂಡಿತು. ಚೀಟಿಯ ಸಂಖ್ಯೆಗೆ ಹೆಸರು ಜೋಡಿಸುವ ಯೋಜನೆ ಬಯಲಾದಾಗ ದೊಡ್ಡ ಗದ್ದಲವೆದ್ದಿತು. 2000ದಲ್ಲಿ ಕಂಪನಿ ಹಿಂಜರಿಯಿತು. ಅದೇ ಡಬಲ್‌ಕ್ಲಿಕ್ಕನ್ನು ಗೂಗಲ್ 3.1 ಶತಕೋಟಿ ಡಾಲರಿಗೆ ಕೊಳ್ಳುವುದಾಗಿ 2007ರಲ್ಲಿ ಪ್ರಕಟಿಸಿತು, 2008ರಲ್ಲಿ ಕೊಂಡಿತು. ಹೆಸರಿಲ್ಲದ ಚೀಟಿಗಳಿಗೆ ಎಷ್ಟು ಬೆಲೆಯಿದೆ ಎಂಬುದು ಇದರಿಂದ ನಿಮಗೆ ತಿಳಿಯುತ್ತದೆ.

ಇನ್ನು ಒಪ್ಪಿಗೆಯ ವಿಚಾರ. ಇದು ಕಂಪ್ಯೂಟರಿನೊಡನೆ ಹುಟ್ಟಿದ ಪ್ರಶ್ನೆಯಲ್ಲ. ಬೇಮಳಖೇಡ ಇರುವ ಜಿಲ್ಲೆಯಲ್ಲೇ ಬಸವಕಲ್ಯಾಣವಿದೆ. ಕಲ್ಯಾಣವೆಂದೊಡನೆ ನಮಗೆ ಹನ್ನೆರಡನೆಯ ಶತಮಾನದ ಶರಣರು ನೆನಪಾಗುತ್ತಾರೆ. ಅವರಿಗಿಂತ ಕೆಲವು ದಶಕ ಮೊದಲು, ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126), ವಿಜ್ಞಾನೇಶ್ವರನೆಂಬ ಪಂಡಿತ 'ಮಿತಾಕ್ಷರ' ಎಂಬ ಗ್ರಂಥ ಬರೆದ. ಯಾಜ್ಞವಲ್ಕ್ಯ ಸ್ಮೃತಿಯ ಮೇಲಿನ ವ್ಯಾಖ್ಯಾನ ಅದು. ಗ್ರಂಥದ ಕೊನೆಯಲ್ಲಿ ಅವನು ಕಲ್ಯಾಣ ನಗರವನ್ನೂ ಅದರ ರಾಜನನ್ನೂ ಕೊಂಡಾಡಿದ್ದಾನೆ. ಬಂಗಾಳವನ್ನು ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಗೆ ಇಪ್ಪತ್ತನೆಯ ಶತಮಾನದವರೆಗೂ ಇದೇ ಆಧಾರವಾಗಿತ್ತು. ಕಾನೂನು ಓದುವವರು ಪಾಲು ಪಾರಿಕತ್ತಿನ ಅಧ್ಯಾಯವನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ. ಪತ್ರ ಬರೆಯುವ ಕುರಿತ ಭಾಗವೂ ಅಷ್ಟೇ ಸ್ವಾರಸ್ಯವಾಗಿದೆ.

ಸಾಲಪತ್ರ ಹೇಗಿರಬೇಕು? ವರ್ಷ, ಮಾಸ, ಪಕ್ಷ, ದಿನ ಬರೆಯಬೇಕು. ಎರಡೂ ಕಡೆಯವರ ಹೆಸರು, ತಂದೆಯ ಹೆಸರು ಇರಬೇಕು. ಎಲ್ಲ ಬರೆದು ಮುಗಿದ ಮೇಲೆ ಸಾಲಗಾರ ತನ್ನ ಕೈಯಿಂದಲೇ ತನ್ನ ಹೆಸರು ಹಾಕಿ, ಮೇಲೆ ಬರೆದಿರುವುದಕ್ಕೆ ಇಂಥವರ ಮಗನಾದ ತನ್ನ ಸಮ್ಮತಿಯಿದೆ ಎಂದು ಬರೆಯಬೇಕು. ಆಮೇಲೆ ಸಾಕ್ಷಿಗಳು, ಕಟ್ಟಕಡೆಗೆ ಪತ್ರ ಬರೆದ ಲಿಪಿಕಾರ. ಸಾಲಗಾರನಿಗೆ ಅಕ್ಷರ ಬಾರದಿದ್ದರೆ? ಎಲ್ಲ ಸಾಕ್ಷಿಗಳ ಎದುರಿನಲ್ಲಿ ಅವನು ತನ್ನ ಸಮ್ಮತಿಯನ್ನು ಇನ್ನೊಬ್ಬರಿಂದ ಬರೆಸಬೇಕು. ಜನಗಳ ನಡುವಿನ ಪತ್ರ ಸಂಸ್ಕೃತದಲ್ಲೇ ಇರಬೇಕಾಗಿಲ್ಲ, ಆಯಾ ನಾಡಿನ ಮಾತಿನಲ್ಲಿ ಬರೆಯಬಹುದು. ಬಲಾತ್ಕಾರದಿಂದ ಅಥವಾ ಮೋಸದಿಂದ ಮಾಡಿಸಿದ ವ್ಯವಹಾರ ನಿಲ್ಲುವುದಿಲ್ಲ. ಅಮಲಿನಲ್ಲಿದ್ದವನು, ಹೆದರಿದವನು, ಬಾಲಕ ಮಾಡಿದ್ದೂ ನಿಲ್ಲುವುದಿಲ್ಲ. ಸಾಲ ತೀರಿದೊಡನೆ ಪತ್ರವನ್ನು ಹರಿದುಹಾಕಬೇಕು, ಇಲ್ಲವೇ ತೀರುವಳಿ ಪತ್ರ ಬರೆಸಿಕೊಳ್ಳಬೇಕು.

ಇದನ್ನೆಲ್ಲ ಹೇಳುವಾಗ ಆ ಕಾಲ ಬಂಗಾರದ ಕಾಲವಾಗಿತ್ತೆಂಬ ಭ್ರಮೆ ಬೇಡ. ಅದೇ ಗ್ರಂಥ ಹೆಂಗಸರು ಮಾಡಿದ ವ್ಯವಹಾರವನ್ನೂ ನಿಲ್ಲದವುಗಳ ಸಾಲಿಗೆ ಸೇರಿಸಿದೆ. ಜಾತಿಯ ಏರುಪೇರು ಅದರ ಪುಟಪುಟದಲ್ಲೂ ಇದೆ. ಆದರೂ ಒಪ್ಪಿಗೆ ಎಂದರೆ ಗುರುತಲ್ಲ, ತಿಳಿವಳಿಕೆ ಎಂಬ ಮಾತು ಒಂಬೈನೂರು ವರ್ಷಗಳ ಹಿಂದೆ ನಮ್ಮ ನೆಲದಲ್ಲಿ ಬರೆಯಲ್ಪಟ್ಟಿತ್ತು.

ಆ ಮಾತು ಉಳಿಯಲಿಲ್ಲ. ಬೀದರ್ ಸೀಮೆ ಬಹಮನಿ ಸುಲ್ತಾನರ, ಬರೀದ್ ಶಾಹಿಗಳ, ಮೊಘಲರ ಕೈದಾಟಿ ಹೈದರಾಬಾದ್ ನಿಜಾಮರ ಆಳ್ವಿಕೆಗೆ ಬಂತು. ಮೊದಲು ಪಾರ್ಸಿ, ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಉರ್ದು ಕಚೇರಿಯ ಭಾಷೆಯಾಯಿತು. ಉರ್ದು ಚೆಲುವಾದ ಭಾಷೆ, ನಮ್ಮ ಭಾಗದ ಬಜಾರಿನಲ್ಲಿ ಇಂದಿಗೂ ಆಡುವ ಭಾಷೆ. ಆಡುವುದು ಬೇರೆ, ಓದುವುದು ಬೇರೆ. ಒಪ್ಪಿಗೆಗೆ ನಮ್ಮ ಹಳ್ಳಿಗರು ಇಂದಿಗೂ 'ಕಬೂಲ್' ಎನ್ನುತ್ತಾರೆ. ಆ ಕಾಲದಲ್ಲಿ ಕಬೂಲ್ ಹೇಳಿದವರಲ್ಲಿ ಹೆಚ್ಚಿನವರಿಗೆ ಕಾಗದದಲ್ಲಿ ಏನಿದೆಯೆಂದು ಓದಲು ಬರುತ್ತಿರಲಿಲ್ಲ. ಅವರ ಪಾಲಿಗೆ ಇದ್ದದ್ದು ಹೆಬ್ಬೆಟ್ಟು.

ಹೆಬ್ಬೆಟ್ಟಿಗೂ ಒಂದು ಇತಿಹಾಸವಿದೆ. 1858ರ ಜುಲೈ 28ರಂದು ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ, ರಸ್ತೆಗೆ ಹಾಕುವ ಸಾಮಗ್ರಿ ಒದಗಿಸುವ ಕರಾರಿನ ಮೇಲೆ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನ ಅಂಗೈಯ ಅಚ್ಚು ಒತ್ತಿಸಿಕೊಂಡ. ಕರಾರನ್ನು ಕೋನಾಯಿ ಅರಿತುಕೊಳ್ಳಲಿ ಎಂಬುದು ಉದ್ದೇಶವಲ್ಲ; ಮುಂದೆ ತಾನು ಮಾಡಿಲ್ಲವೆಂದು ತಪ್ಪಿಸಿಕೊಳ್ಳದಿರಲಿ ಎಂದು ಹೆದರಿಸುವುದೇ ಉದ್ದೇಶ. ಅಲ್ಲಿಂದ ಮುಂದೆ ಬೆರಳಚ್ಚು ಕಚೇರಿ ವ್ಯವಹಾರದಲ್ಲಿ ಬೇರೂರಿತು. ಕಲ್ಯಾಣದ ಪಂಡಿತನ ಪತ್ರದಲ್ಲಿ ಒಪ್ಪುವವನು ಮಾತನಾಡುತ್ತಿದ್ದ. ಹೆಬ್ಬೆಟ್ಟಿನ ಪತ್ರದಲ್ಲಿ ಅವನು ಸಿಕ್ಕಿಬೀಳುತ್ತಿದ್ದ.

ನಮ್ಮ ಮನೆಯ ಟ್ರಂಕಿನಲ್ಲಿರುವ ಕಾಗದ ಈ ಕಾಲದ್ದು. ಉರ್ದುವಿನಲ್ಲಿ ಬರೆದದ್ದು. ಕೆಳಗೆ ನಮ್ಮ ಮುತ್ಯಾನ ಹೆಬ್ಬೆಟ್ಟಿನ ಗುರುತು. ಸಾಲಕ್ಕೆ ಬದಲಾಗಿ ಹೊಲದ ಬೆಳೆಯಲ್ಲಿ ಪಾಲು ಕೊಡಲು ಒಪ್ಪಿದ್ದೆನೆಂದೇ ಮುತ್ಯಾ ಸಾಯುವವರೆಗೂ ಹೇಳುತ್ತಿದ್ದರು. ಸೀಮೆ ಭಾರತ ಒಕ್ಕೂಟಕ್ಕೆ ಸೇರಿ, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೂ ಸೇರಿ, ಎಷ್ಟೋ ವರ್ಷಗಳಾದ ಮೇಲೆ ನಾನು ಆ ಕಾಗದವನ್ನು ಉರ್ದು ಬಲ್ಲ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನಿಧಾನವಾಗಿ ಓದಿ, "ನಿಮ್ಮ ಮುತ್ಯಾ ಬರೇ ಬೆಳಿ ಅಂತಿದ್ರಲ್ಲ, ಇದ್ರಾಗ ಬಾವಿನೂ ಅದ ನೋಡ್ರಿ" ಎಂದರು.

"ಬಾವಿ ಯಾವಾಗ ಒಪ್ಪಿದ್ರು ಚಾಚಾ?"

"ಹೆಬ್ಬಟ್ಟ ಒತ್ತಿದಾಗ."

ಆ ಬಾವಿ ನಮ್ಮ ಕೈಬಿಟ್ಟು ಹೋಗಿ ಬಹಳ ಕಾಲವಾಗಿತ್ತು. ಆನ್‌ಲೈನ್ ಅಂಗಡಿಯ ಆ ಹಸಿರು ಗುಂಡಿ ನನಗೆ ನೆನಪಿಸಿದ್ದು ಇದನ್ನೇ.

ಕರ್ನಾಟಕದಲ್ಲಿ ಖಾಸಗಿತನದ ಪ್ರಶ್ನೆ ಜನರ ಬಾಯಿಗೆ ಬಂದದ್ದು ದೂರವಾಣಿಯ ಕಾರಣದಿಂದ. ಕದ್ದಾಲಿಕೆಯ ಆರೋಪದಿಂದಾಗಿ 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ದೂರವಾಣಿ ಸಂಭಾಷಣೆಯೂ ಖಾಸಗಿತನದ ಭಾಗ, ಮನಬಂದಂತೆ ಕದ್ದಾಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ ಹೇಳಿತು. ಆದರೆ ಖಾಸಗಿತನ ಮೂಲಭೂತ ಹಕ್ಕೇ ಎಂಬುದರ ಮೇಲೆ 1954ರ ಎಂಟು ನ್ಯಾಯಾಧೀಶರ ಪೀಠದ ಮತ್ತು 1962ರ ಆರು ನ್ಯಾಯಾಧೀಶರ ಪೀಠದ ಹಳೆಯ ತೀರ್ಪುಗಳ ನೆರಳು ಹಾಗೆಯೇ ಇತ್ತು.

ಆ ನೆರಳನ್ನು ಸರಿಸಲು ಕಾರಣರಾದವರು ಬೆಂಗಳೂರಿನ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಕರ್ನಾಟಕ ಹೈಕೋರ್ಟಿನಲ್ಲಿ 1977ರಿಂದ 1986ರವರೆಗೆ ನ್ಯಾಯಾಧೀಶರಾಗಿದ್ದವರು. 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಶಾಸನದ ಬೆಂಬಲವಿಲ್ಲದೆ ಜನರ ಬೆರಳಚ್ಚು, ಕಣ್ಣಿನ ಪಾಪೆಯ ಗುರುತು ಸಂಗ್ರಹಿಸುವುದು ಸರಿಯೇ ಎಂದು ಪ್ರಶ್ನಿಸಿ ಆಧಾರ್ ಯೋಜನೆಯ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಗಮನಿಸಿ, ಮತ್ತೆ ಬೆರಳಚ್ಚೇ! ಒಂಬತ್ತು ನ್ಯಾಯಾಧೀಶರ ಸಂವಿಧಾನ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪು ಕೊಟ್ಟಿತು: ಖಾಸಗಿತನ ಸಂವಿಧಾನ ಕಾಪಾಡುವ ಮೂಲಭೂತ ಹಕ್ಕು. ತನ್ನ ಕುರಿತ ಮಾಹಿತಿಯ ಮೇಲೆ ವ್ಯಕ್ತಿಗೆ ಇರುವ ಹಿಡಿತವೂ ಆ ಹಕ್ಕಿನೊಳಗೆ ಬಂತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್ 28ರಂದು ತೀರಿಕೊಂಡರು. 98 ವರ್ಷದ ಬಾಳು. ಆಧಾರ್ ಯೋಜನೆಯನ್ನು ಕೋರ್ಟು 2018ರಲ್ಲಿ ಕೆಲವು ಮಿತಿಗಳೊಡನೆ ಎತ್ತಿಹಿಡಿಯಿತು ಎಂಬುದನ್ನೂ ಹೇಳಬೇಕು. ಆದರೆ ಅವರ ಹೆಸರಿನ ಮೊಕದ್ದಮೆ ತಂದುಕೊಟ್ಟ ಹಕ್ಕು ಉಳಿದಿದೆ.

ಆ ಹಕ್ಕು ಕರ್ನಾಟಕ ಹೈಕೋರ್ಟಿನಲ್ಲೇ ಕೆಲಸಕ್ಕೆ ಬಂದ ಒಂದು ಸಂದರ್ಭ. ಕೋವಿಡ್ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ, ಆರೋಗ್ಯ ಸೇತು ಆ್ಯಪ್ ಬಂದದ್ದು ನಿಮಗೆ ನೆನಪಿರಬಹುದು. ಸೋಂಕಿತರ ಹತ್ತಿರ ಯಾರಿದ್ದರೆಂದು ಫೋನಿನ ಮೂಲಕ ಗುರುತಿಸುವ ಸಾಧನ ಅದು. ಉದ್ದೇಶ ಒಳ್ಳೆಯದೇ. ಆದರೆ ಹಾಗೆ ಸೇರಿದ ಆರೋಗ್ಯದ ವಿವರ ಬೇರೆ ಇಲಾಖೆ, ಸಂಸ್ಥೆಗಳಿಗೆ ಹೋಗಬಹುದೇ? 2021ರ ಜನವರಿ 25ರಂದು ಹೈಕೋರ್ಟು ಮಧ್ಯಂತರ ಆದೇಶ ನೀಡಿ, ಬಳಕೆದಾರರು ವಿಷಯ ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಆ ಮಾಹಿತಿಯನ್ನು ಹಂಚಿಕೊಳ್ಳಕೂಡದೆಂದು ತಡೆಯಿತು. ಆ್ಯಪ್ ಹಾಕಿಕೊಂಡದ್ದೇ ಎಲ್ಲಕ್ಕೂ ಒಪ್ಪಿಗೆಯಾಗದು ಎಂಬುದು ಇದರ ತಿರುಳು. ಬೆಳೆಗೆ ಒಪ್ಪಿದರೆ ಬಾವಿಗೆ ಒಪ್ಪಿದಂತಲ್ಲ.

ಹಾಗಿದ್ದರೆ ಪರದೆಯ ಕೆಳಗಿನಿಂದ ಏಳುವ ಆ ಪಟ್ಟಿಯನ್ನು ತಂದವರು ಯಾರು? ಯುರೋಪಿನವರು. ಯುರೋಪಿಯನ್ ಒಕ್ಕೂಟ 2002ರ ತನ್ನ ನಿರ್ದೇಶನಕ್ಕೆ 2009ರಲ್ಲಿ ತಿದ್ದುಪಡಿ ತಂದು, ಅಗತ್ಯವಲ್ಲದ ಕುಕಿ ಇಡುವ ಮೊದಲು ಒಪ್ಪಿಗೆ ಪಡೆಯಬೇಕೆಂದಿತು. 2018ರ ಮೇ 25ರಿಂದ ಜಾರಿಗೆ ಬಂದ ಅದರ ದತ್ತಾಂಶ ರಕ್ಷಣಾ ಕಾನೂನು ಒಪ್ಪಿಗೆಯ ಅರ್ಥವನ್ನು ಬಿಗಿಮಾಡಿತು. ಜಗತ್ತಿನ ತಾಣಗಳೆಲ್ಲ ಪಟ್ಟಿ ಹಾಕತೊಡಗಿದವು; ಯುರೋಪಿನವರಿಗೆಂದು ಮಾಡಿದ ಪಟ್ಟಿ ಬೇಮಳಖೇಡದ ಪರದೆಯ ಮೇಲೂ ಬಂತು.

ಕಾನೂನು ಮಾಡಿದವರು ಒಂದನ್ನು ಊಹಿಸಿರಲಿಲ್ಲ. ಕೇಳುವ ಕೆಲಸವನ್ನು ಕೊಟ್ಟದ್ದು ಉತ್ತರದಿಂದ ಲಾಭ ಪಡೆಯುವವರ ಕೈಗೆ. ಹಾಗಾಗಿ ಒಪ್ಪುವ ಗುಂಡಿ ದೊಡ್ಡದಾಯಿತು, ಬಣ್ಣದ್ದಾಯಿತು. ನಿರಾಕರಿಸುವ ದಾರಿ ಎರಡು ಮೂರು ಪುಟಗಳ ಹಿಂದೆ ಅಡಗಿತು. ಕೆಲವೆಡೆ ಒಪ್ಪಿಗೆಯ ಚೌಕದಲ್ಲಿ ಮೊದಲೇ ಗುರುತು ಹಾಕಿಟ್ಟರು. ಹೀಗೆ ಮೊದಲೇ ಗುರುತು ಹಾಕಿಟ್ಟದ್ದು ಒಪ್ಪಿಗೆಯೇ ಅಲ್ಲವೆಂದು ಯುರೋಪಿನ ನ್ಯಾಯಾಲಯ 2019ರ ಅಕ್ಟೋಬರ್ 1ರಂದು ತೀರ್ಮಾನಿಸಿತು. 2022ರ ಜನವರಿಯಲ್ಲಿ ಫ್ರಾನ್ಸಿನ ದತ್ತಾಂಶ ಪ್ರಾಧಿಕಾರ ಗೂಗಲ್‌ಗೆ 150 ದಶಲಕ್ಷ ಯೂರೊ, ಫೇಸ್‌ಬುಕ್‌ಗೆ 60 ದಶಲಕ್ಷ ಯೂರೊ ದಂಡ ಹಾಕಿದ್ದನ್ನು ಪ್ರಕಟಿಸಿತು. ಕಾರಣ ಸರಳ: ಕುಕಿಗೆ ಒಪ್ಪಲು ಒಂದೇ ಒತ್ತು ಸಾಕಿತ್ತು, ಬೇಡವೆನ್ನಲು ಹಲವು ಬೇಕಿತ್ತು.

ಈ ನಡುವೆ ಕುಕಿಯ ಕಾಲ ಮುಗಿಯಿತೆಂಬ ಮಾತೂ ಬಂತು. ಸಫಾರಿ, ಫೈರ್‌ಫಾಕ್ಸ್ ಬ್ರೌಸರುಗಳು ಮೂರನೆಯವರ ಕುಕಿಗೆ ಕಡಿವಾಣ ಹಾಕಿದವು. ಕ್ರೋಮ್‌ನಲ್ಲೂ ಅದನ್ನು ಕೈಬಿಡುವುದಾಗಿ 2020ರಲ್ಲಿ ಹೇಳಿದ ಗೂಗಲ್, 2024ರ ಜುಲೈನಲ್ಲಿ ಆ ವಿಚಾರವನ್ನೇ ಕೈಬಿಟ್ಟಿತು. ಫೋನಿನ ಆ್ಯಪ್‌ಗಳಲ್ಲಂತೂ ಕುಕಿಯ ಕೆಲಸವನ್ನು ಜಾಹೀರಾತಿಗೆಂದೇ ಇರುವ ಒಂದು ಗುರುತಿನ ಸಂಖ್ಯೆ ಮಾಡುತ್ತದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹುಡುಕಿದರೆ ಅದನ್ನು ಅಳಿಸಿಹಾಕುವ ಅವಕಾಶ ನಿಮಗೇ ಸಿಗುತ್ತದೆ.

ನಮ್ಮ ದೇಶದಲ್ಲಿ ಪುಟ್ಟಸ್ವಾಮಿ ಮೊಕದ್ದಮೆ ನಡೆಯುತ್ತಿರುವಾಗಲೇ, 2017ರಲ್ಲಿ, ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಲಾಯಿತು. 2018ರ ಜುಲೈನಲ್ಲಿ ಅದು ವರದಿ ಕೊಟ್ಟಿತು. ಹಲವು ಕರಡುಗಳು ಬಂದು ಹೋದ ಬಳಿಕ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕಾಯಿದೆಯಲ್ಲಿ ಕುಕಿ ಎಂಬ ಪದವಿಲ್ಲ. ಆದರೆ ಕುಕಿಯ ಮೂಲಕ ನಿಮ್ಮನ್ನು ಗುರುತಿಸಬಲ್ಲ ಮಾಹಿತಿ ಪಡೆದರೆ ಅದು ಕಾಯಿದೆಯ ವ್ಯಾಪ್ತಿಗೆ ಬರುತ್ತದೆ.

ಕಾಯಿದೆ ಹೇಳುವ ಒಪ್ಪಿಗೆ ಯಾವುದು? ಬಲವಂತವಿಲ್ಲದ್ದು, ಇಂಥದಕ್ಕೇ ಎಂದು ನಿಗದಿಯಾದದ್ದು, ತಿಳಿದು ಕೊಟ್ಟದ್ದು, ಷರತ್ತಿಲ್ಲದ್ದು, ಸಂದೇಹಕ್ಕೆ ಎಡೆಯಿಲ್ಲದ್ದು. ಕಾಯಿದೆಯೇ ಒಂದು ಉದಾಹರಣೆ ಕೊಡುತ್ತದೆ. ವೈದ್ಯರ ಸಲಹೆ ಕೊಡುವ ಆ್ಯಪ್ ಒಂದು ನಿಮ್ಮ ಫೋನಿನಲ್ಲಿರುವ ನಂಬರುಗಳ ಪಟ್ಟಿಯನ್ನೂ ಕೇಳಿತು, ನೀವು ಎರಡಕ್ಕೂ ಹೂಂ ಎಂದಿರಿ ಎನ್ನಿ. ಆಗಲೂ ನಿಮ್ಮ ಒಪ್ಪಿಗೆ ಸಲ್ಲುವುದು ವೈದ್ಯರ ಸಲಹೆಗೆ ಬೇಕಾದಷ್ಟಕ್ಕೆ ಮಾತ್ರ. ಕೊಟ್ಟ ಒಪ್ಪಿಗೆಯನ್ನು, ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳಲು ಬರಬೇಕು. ಹಿಂತೆಗೆದ ಮೇಲೆ, ಬೇರೆ ಕಾನೂನು ಉಳಿಸಿಕೊಳ್ಳಲು ಹೇಳದ ಹೊರತು, ಮಾಹಿತಿಯನ್ನು ಅಳಿಸಬೇಕು. ಪತ್ರ ಹರಿಯಬೇಕೆಂದ ಮಿತಾಕ್ಷರದ ಮಾತು ನೆನಪಾಗುತ್ತದಲ್ಲವೇ?

ನಮಗೆ ಇನ್ನೂ ಹತ್ತಿರದ ಮಾತೊಂದಿದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆಯನ್ನು ಬಳಕೆದಾರರಿಗೆ ಕೊಡಬೇಕು. ಆ 22 ಭಾಷೆಗಳಲ್ಲಿ ಕನ್ನಡವಿದೆ. ಉರ್ದು, ಮರಾಠಿ, ತೆಲುಗು ಕೂಡ ಇವೆ. ಅಂದರೆ ಬೀದರ್ ಜಿಲ್ಲೆಯ ಮನೆಮಾತುಗಳೆಲ್ಲ ಬಹುಮಟ್ಟಿಗೆ ಇದ್ದಂತಾಯಿತು. ಹದಿನೆಂಟು ತುಂಬದವರನ್ನು ಈ ಕಾಯಿದೆ ಮಕ್ಕಳೆಂದೇ ಎಣಿಸುತ್ತದೆ. ಅವರ ಮಾಹಿತಿಗೆ ತಂದೆತಾಯಿಯ ಅಥವಾ ಪೋಷಕರ, ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಅವರ ಬೆನ್ನುಹತ್ತಿ ನಡವಳಿಕೆಯನ್ನು ಗಮನಿಸುವುದು, ಅವರನ್ನೇ ಗುರಿಯಾಗಿಟ್ಟು ಜಾಹೀರಾತು ತೋರಿಸುವುದು ಕೂಡದು. ಶಾಲೆಗಳಂಥ ಕೆಲವು ಸಂಸ್ಥೆಗಳಿಗೆ ನಿರ್ದಿಷ್ಟ ಕೆಲಸಗಳ ಮಟ್ಟಿಗೆ ವಿನಾಯಿತಿಯಿದೆ. ತಪ್ಪಿದವರಿಗೆ ದಂಡ ಕೋಟಿಗಳ ಲೆಕ್ಕದಲ್ಲಿದೆ. ಗರಿಷ್ಠ 250 ಕೋಟಿ ರೂಪಾಯಿ.

ಕಾಯಿದೆಯ ಬಗ್ಗೆ ಟೀಕೆಗಳೂ ಇವೆ. ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರ ವಿಶಾಲವಾಯಿತೆಂಬುದು ಮುಖ್ಯವಾದದ್ದು. ಕನ್ನಡದಲ್ಲಿ ಸೂಚನೆ ಬಂದರೂ ಅದು ವಕೀಲರ ಕನ್ನಡವಾಗಿದ್ದರೆ ಏನು ಗತಿ ಎಂಬುದು ನನ್ನ ಸ್ವಂತ ಅನುಮಾನ. ಅರ್ಥವಾಗದ ಕನ್ನಡಕ್ಕೂ ಅರ್ಥವಾಗದ ಇಂಗ್ಲಿಷಿಗೂ ಆ ಹುಡುಗಿಯ ಮಟ್ಟಿಗೆ ವ್ಯತ್ಯಾಸವಿಲ್ಲ. ಸ್ಪಷ್ಟವಾದ ಸರಳ ಭಾಷೆಯಲ್ಲಿ ಕೇಳಬೇಕೆಂದು ಕಾಯಿದೆ ಹೇಳುತ್ತದೆ, ನಿಜ. ಅದನ್ನು ಬರೆಯುವವರು ಬೇಕು. ನಿಮ್ಮಲ್ಲಿ ಕನ್ನಡವನ್ನೂ ಕಂಪ್ಯೂಟರನ್ನೂ ಕಲಿಯುತ್ತಿರುವವರಿಗೆ ಅಲ್ಲೊಂದು ಕೆಲಸ ಕಾದಿದೆ.

ಕಾಯಿದೆಯ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಸೂಚನೆ, ಒಪ್ಪಿಗೆ, ಮಕ್ಕಳ ರಕ್ಷಣೆ ಮೊದಲಾದ ಮುಖ್ಯ ಭಾಗಗಳಿಗೆ ಸಿದ್ಧರಾಗಲು ಆ ನಿಯಮಗಳು ಕಂಪನಿಗಳಿಗೆ ಹದಿನೆಂಟು ತಿಂಗಳ ಗಡುವು ಕೊಟ್ಟವು. ಆ ಲೆಕ್ಕದಲ್ಲಿ ಅದು ಮುಗಿಯುವುದು 2027ರ ಮೇ ತಿಂಗಳಲ್ಲಿ. ಅಂದು ಅಂಗಡಿಯಲ್ಲಿ ಪ್ರಶ್ನೆಪತ್ರಿಕೆ ಹಿಡಿದು ನಿಂತಿದ್ದ ಬೇಮಳಖೇಡದ ಹುಡುಗಿಗೆ ಆ ಹೊತ್ತಿಗೆ ಹದಿನೆಂಟು ತುಂಬಿರುತ್ತದೆ. ಮಕ್ಕಳಿಗೆಂದು ಹಾಕಿದ ಬೇಲಿ ಅವಳಿಗೆ ಸಿಗುವುದಿಲ್ಲ. ಪಟ್ಟಿ ಕನ್ನಡದಲ್ಲಿ ಎದ್ದು ಬಂದರೆ ಓದಿ, ಗುಂಡಿ ಒತ್ತಬೇಕೇ ಬಿಡಬೇಕೇ ಎಂದು ಅವಳೇ ನೋಡಿಕೊಳ್ಳಬೇಕು.